ನಂಜಮ್ಮನವರ ಹಿಮದ ಷಿಕಾರಿ

ನಮ್ಮ ಮನೆಯ ಫ್ರಿಜ್ಜು ಒಂದೇ ಬಾಗಿಲಿನ ಹಳೆಯ ಕಾಲದ್ದು. ತಿಂಗಳಿಗೊಮ್ಮೆ ಅದರ ಮೇಲಿನ ಗೂಡಿನಲ್ಲಿ ಐಸು ಗಟ್ಟಿಯಾಗಿ ಕಟ್ಟಿಕೊಂಡು ತೆಂಗಿನತುರಿಯ ಡಬ್ಬಿಯನ್ನು ಕಚ್ಚಿ ಹಿಡಿದುಬಿಡುತ್ತದೆ. ಕಳೆದ ಶನಿವಾರ ಬೆಳಿಗ್ಗೆ ಸ್ವಿಚ್ಚು ಆರಿಸಿ, ಎದುರಿಗೆ ಸ್ಟೂಲು ಹಾಕಿಕೊಂಡು, ಮರದ ಸೌಟಿನಿಂದ ಅದನ್ನು ಕೆರೆಯುತ್ತ ಕೂತಿದ್ದೆ. ಒಂದು ದೊಡ್ಡ ಚಕ್ಕೆ ‘ಕರಕ್’ ಎಂದು ಕಳಚಿ ಮಡಿಲಿಗೆ ಬಿತ್ತು. ಆ ಸದ್ದಿಗೆ, ಮುಖಕ್ಕೆ ಬಡಿದ ಆ ತಣ್ಣನೆಯ ಗಾಳಿಗೆ, ನನ್ನ ಎದೆ ಡವಡವ ಹೊಡೆದುಕೊಳ್ಳತೊಡಗಿತು. ಫ್ರಿಜ್ಜು ತೊಳೆಯುವಾಗ ಯಾರಿಗಾದರೂ ಎದೆ ಹೊಡೆದುಕೊಳ್ಳುತ್ತದೆಯೇ ಎಂದು ನೀವು ಕೇಳಬಹುದು. ನನಗೆ ಹೊಡೆದುಕೊಳ್ಳುತ್ತದೆ. ನಾಲ್ಕು ವರ್ಷದಿಂದ ಹೀಗೇ.

ಯಾಕೆಂದರೆ ಆ ಸದ್ದು ಕಿವಿಗೆ ಬಿದ್ದ ಕೂಡಲೇ ನಾನು ಗೊಟ್ಟಿಗೆರೆಯ ಅಡುಗೆಮನೆಯಲ್ಲಿ ಇರುವುದಿಲ್ಲ. ಹಿಮಾಲಯದ ಒಂದು ಇಳಿಜಾರಿನಲ್ಲಿ, ಮೊಣಕಾಲುದ್ದದ ಹಿಮದಲ್ಲಿ, ಏದುಸಿರು ಬಿಡುತ್ತ ನಿಂತಿರುತ್ತೇನೆ. ಇಪ್ಪತ್ತು ಮಾರು ಮುಂದೆ ಅರವತ್ತೆಂಟು ವರ್ಷದ ಹೆಂಗಸೊಬ್ಬರು, ತಲೆಗೆ ಮಂಕಿ ಕ್ಯಾಪು, ಮೈಗೆ ಮಗನ ರೇನ್‌ಕೋಟು, ಕಾಲಿಗೆ ಮಗನದೇ ಟ್ರ್ಯಾಕ್ ಪ್ಯಾಂಟು ಹಾಕಿಕೊಂಡು ಗುಡ್ಡ ಹತ್ತುತ್ತಿರುತ್ತಾರೆ. ಹತ್ತುತ್ತಿರುತ್ತಾರೆ ಎಂದರೆ ಸರಿಯಾಗುವುದಿಲ್ಲ, ಓಡುತ್ತಿರುತ್ತಾರೆ. ಹಿಂದಿರುಗಿ ನನ್ನ ಕಡೆಗೆ ಕೈ ಬೀಸಿ, ಸದ್ದು ಬರದ ಹಾಗೆ ಬಾಯಿ ಮಾತ್ರ ಆಡಿಸಿ ಹೇಳುತ್ತಿರುತ್ತಾರೆ: ‘ಬಿರ್ ಬಿರ್ನೆ ಬಾರೇ!’

ಅವರೇ ನಂಜಮ್ಮ. ನನ್ನ ಮನೆಯ ಓನರು.

ನಾನು ಹುಟ್ಟಿ ಬೆಳೆದದ್ದು ಜಯನಗರದಲ್ಲಿ, ಮೊಟ್ಟೆ ಎಂಬ ಪದವನ್ನು ಕೂಡ ಅಡುಗೆಮನೆಯಿಂದ ಎರಡು ಹೆಜ್ಜೆ ಆಚೆ ನಿಂತು ಆಡುತ್ತಿದ್ದ ಮನೆಯಲ್ಲಿ. ಕೆಲಸ ಒಂದು ವಿಮಾ ಕಚೇರಿಯಲ್ಲಿ. ನಲವತ್ತು ದಾಟಿದ ಮೇಲೆ ನನಗೆ ಹಕ್ಕಿ ನೋಡುವ ಹುಚ್ಚು ಹತ್ತಿತು. ಅದು ಎಷ್ಟು ಜೋರಾಯಿತೆಂದರೆ, ಮಹಡಿಯಿಂದ ಕೆರೆಯ ಒಂದು ಅಂಚು ಕಾಣುತ್ತದೆಂಬ ಒಂದೇ ಕಾರಣಕ್ಕೆ ಗೊಟ್ಟಿಗೆರೆಗೆ ಬಂದು ನಂಜಮ್ಮನವರ ಮನೆಯ ಮೇಲಿನ ಭಾಗವನ್ನು ಬಾಡಿಗೆಗೆ ಹಿಡಿದೆ. ಅವರು ಕೆಳಗೆ ಮಗ ಸೊಸೆಯೊಂದಿಗೆ ಇದ್ದರು. ಆ ಸುತ್ತಮುತ್ತ ಹೊಲಗಳಿದ್ದಾಗ ಅವುಗಳಲ್ಲಿ ರಾಗಿ ಅವರೆ ಬೆಳೆದ ಕೈ ಅದು. ಈಗ ಸಂಜೆ ಹೊತ್ತು ಮೆಟ್ಟಿಲ ಮೇಲೆ ಕೂತು, ಬನ್ನೇರುಘಟ್ಟ ರಸ್ತೆಯ ಬಸ್ಸುಗಳ ಸದ್ದು ಕೇಳುತ್ತ ಅವರೆಕಾಯಿ ಸುಲಿಯುತ್ತಿದ್ದರು. ನನ್ನನ್ನು ‘ಮೇಡಮ್ಮ’ ಎಂದು ಕರೆದು, ಅದೇ ಉಸಿರಿನಲ್ಲಿ ‘ನೀನು’ ಎಂದು ಮಾತಾಡಿಸುವವರು ಈ ಜಗತ್ತಿನಲ್ಲಿ ಅವರೊಬ್ಬರೇ.

ಒಂದು ದಿನ ನೀರಿನ ಮೋಟಾರಿನ ವಿಚಾರ ಮಾತಾಡಲು ಮೇಲೆ ಬಂದವರು ಗೋಡೆಯ ಮೇಲಿನ ಚಿತ್ರದ ಮುಂದೆ ನಿಂತುಬಿಟ್ಟರು. ಅದು ಮೊನಾಲ್ ಎಂಬ ಹಕ್ಕಿಯ ಚಿತ್ರ. ಹಿಮಾಲಯದ ಹಿಮದಲ್ಲಿ ಇರುವಂಥದು. ಹಸಿರು ತಲೆ, ತಲೆಯ ಮೇಲೆ ನವಿಲಿನಂಥ ಜುಟ್ಟು, ತಾಮ್ರದ ಬಣ್ಣದ ಕುತ್ತಿಗೆ, ನೀಲಿ ನೇರಳೆ ಬೆರೆತ ಬೆನ್ನು. ಮದುವೆಮನೆಯಲ್ಲಿ ಒಂದೇ ಹೆಂಗಸು ಎಲ್ಲ ರೇಷ್ಮೆ ಸೀರೆಗಳನ್ನೂ ಉಟ್ಟು ಬಂದರೆ ಹೇಗಿರುತ್ತದೋ ಹಾಗೆ.

‘ಇದ್ಯಾವ ಕೋಳಿ ಮೇಡಮ್ಮ?’

‘ಕೋಳಿ ಅಲ್ಲ ಅಮ್ಮಾ. ಮೊನಾಲ್ ಅಂತ. ಇದನ್ನ ನೋಡೋಕೆ ಎರಡು ಸಲ ಅಷ್ಟು ದೂರ ಹೋಗಿ ಬಂದೆ. ಸಿಗಲೇ ಇಲ್ಲ.’

ಅವರು ಚಿತ್ರದ ಹತ್ತಿರ ಮುಖ ಒಯ್ದು ಕಾಲುಗಳನ್ನೇ ನೋಡಿದರು. ‘ಬಣ್ಣಕ್ಕೆ ಮಳ್ಳಾಗ್ಬೇಡ. ಕಾಲ್ ನೋಡು. ಕೆರೆಯೋ ಕಾಲು. ಕೋಳೀನೇ ಇದು.’

ನಾನು ಪುಸ್ತಕ ತೆಗೆದು ನೋಡಿದೆ. ಮೊನಾಲು, ನವಿಲು, ಕಾಡುಕೋಳಿ, ನಮ್ಮ ಹೊಲಗಳ ಗೌಜಲಕ್ಕಿ ಎಲ್ಲವೂ ಒಂದೇ ವಂಶದವು ಎಂದು ಅದರಲ್ಲಿ ಬರೆದಿತ್ತು. ಎಂಟು ವರ್ಷ ಹಕ್ಕಿ ನೋಡಿದವಳಿಗೆ ಗೊತ್ತಿಲ್ಲದ್ದನ್ನು ನಂಜಮ್ಮ ಎಂಟು ಕ್ಷಣದಲ್ಲಿ ಹೇಳಿದ್ದರು.

‘ಎಲ್ಡು ಸಲ ಓಗಿ ಸಿಗ್ನಿಲ್ಲ ಅಂದ್ರೆ ಕೋಳಿ ಇಲ್ಲ ಅಂತಲ್ಲ. ನಿಂಗೆ ಹುಡುಕಾಕ್ ಬರಾಕಿಲ್ಲ’ ಎಂದು ಹೇಳಿ, ಮೋಟಾರಿನ ವಿಚಾರ ಮರೆತು ಕೆಳಗಿಳಿದು ಹೋದರು.

ಆ ಮೇಲೆ ಅವರೆಕಾಯಿಯ ಮೆಟ್ಟಿಲ ಮೇಲೆ ಕೂತು ಒಂದೊಂದೇ ಸಂಜೆ ಆ ಕತೆಯನ್ನೆಲ್ಲ ತಿಳಿದುಕೊಂಡೆ. ನಂಜಮ್ಮನವರ ತಂದೆಗೆ ಗಂಡುಮಕ್ಕಳಿರಲಿಲ್ಲ. ರಾಗಿ ಕೊಯ್ಲು ಮುಗಿದು, ಚಳಿಗಾಲದ ಮಂಜು ಹೊಲದ ಮೇಲೆ ಕೂತಿರುವ ದಿನಗಳಲ್ಲಿ ಆತ ಗೌಜಲಕ್ಕಿ ಹಿಡಿಯಲು ಹೋಗುವಾಗ ಒಂಬತ್ತು ವರ್ಷದ ಮಗಳನ್ನೇ ಕರೆದುಕೊಂಡು ಹೋಗುತ್ತಿದ್ದ. ಈಗ ಅಪಾರ್ಟ್‌ಮೆಂಟುಗಳು ನಿಂತಿರುವ ಕಡೆಯಲ್ಲೆಲ್ಲ ಆಗ ಲಂಟಾನದ ಪೊದೆ, ಕುರುಚಲು. ಹಕ್ಕಿ ಓಡಾಡುವ ದಾರಿಯುದ್ದಕ್ಕೂ ಮುಳ್ಳಿನ ಸಣ್ಣ ಬೇಲಿ ಕಟ್ಟಿ, ಮಧ್ಯೆ ಅಲ್ಲಲ್ಲಿ ಗಂಡಿ ಬಿಟ್ಟು, ಗಂಡಿಯಲ್ಲಿ ಉರುಲು ಇಡುವುದು. ಗೌಜಲಕ್ಕಿಗೆ ಬೇಲಿ ಹಾರುವ ಯೋಚನೆ ಬರುವುದಿಲ್ಲವಂತೆ. ಗಂಡಿ ಹುಡುಕಿಕೊಂಡು ಬೇಲಿಯ ಪಕ್ಕದಲ್ಲೇ ಓಡುತ್ತದಂತೆ. ಉರುಲಿಗೆ ಬೇಕಾದದ್ದು ಕುದುರೆ ಬಾಲದ ಕೂದಲು. ಅದಕ್ಕಾಗಿ ಅಪ್ಪ ಮಗಳು ನಡೆದುಕೊಂಡು ಬಸವನಗುಡಿಗೆ ಹೋಗಿ, ಜಟಕಾ ನಿಲ್ಲುವ ಜಾಗದಲ್ಲಿ ಗಾಡಿ ಹೊಡೆಯುವ ಸಾಹೇಬರನ್ನು ಕಾಡಿ ಬೇಡಿ ತರುತ್ತಿದ್ದರಂತೆ. ಪೊದೆ ಬಡಿದು ಹಕ್ಕಿ ಎಬ್ಬಿಸುವುದು, ಹೆಜ್ಜೆ ಗುರುತು ನೋಡಿ ಎಷ್ಟು ಹೊತ್ತಾಯಿತೆಂದು ಹೇಳುವುದು, ಸಿಕ್ಕಿದ ಹಕ್ಕಿಯನ್ನು ಅಪ್ಪ ಮತ್ತೆ ಉರುಲು ಸರಿಮಾಡುವ ತನಕ ಗಟ್ಟಿಯಾಗಿ ಹಿಡಿದುಕೊಂಡಿರುವುದು ಮಗಳ ಕೆಲಸ.

ನಾನು ಮುಖ ಹುಳ್ಳಗೆ ಮಾಡಿಕೊಂಡಿರಬೇಕು. ‘ಪಾಪ ಅನ್ನಿಸ್ತಿರಲಿಲ್ವಾ ಅಮ್ಮಾ?’ ಎಂದು ಕೇಳಿದೆ.

‘ರುಚಿ ಅನ್ನಿಸ್ತಿತ್ತು’ ಎಂದರು ನಂಜಮ್ಮ.

ಆಮೇಲೆ ಕಾನೂನು ಬಂತು, ಷಿಕಾರಿ ನಿಂತಿತು, ಹಕ್ಕಿಗಳಿದ್ದ ಹೊಲಗಳೂ ಹೋದವು. ನಿಂತದ್ದರ ಬಗ್ಗೆ ಅವರಿಗೆ ಬೇಸರವಿರಲಿಲ್ಲ. ಆದರೆ ಆ ಬೆಳಗಿನ ಓಡಾಟವನ್ನು ಹೇಳುವಾಗ ಅವರ ಕೈಯ ಅವರೆಕಾಯಿ ಹಾಗೇ ನಿಂತುಬಿಡುತ್ತಿತ್ತು.

ಆ ವರ್ಷ ಫೆಬ್ರವರಿ ಕೊನೆಯಲ್ಲಿ ನಾನು ಮೂರನೆಯ ಸಲ ಹೊರಟಿದ್ದೆ. ಬೇಸಿಗೆ ಬಂದರೆ ಹಿಮ ಕರಗಿ ಹಕ್ಕಿಗಳು ಮೇಲಕ್ಕೆ ಹೋಗಿಬಿಡುತ್ತವೆ. ಅದೇ ಕೊನೆಯ ಅವಕಾಶ. ಜೊತೆಗೆ ಬರಬೇಕಾಗಿದ್ದ ಗೆಳತಿ ಜೆ.ಪಿ. ನಗರದ ಒಂದು ಫುಟ್‌ಪಾತಿನ ಕಲ್ಲು ಎಡವಿ ಕಾಲು ಉಳುಕಿಸಿಕೊಂಡಳು. ವಿಷಯ ಹೇಳಿಕೊಂಡು ಮೆಟ್ಟಿಲ ಮೇಲೆ ಕೂತಿದ್ದಾಗ ನಂಜಮ್ಮ ತಟ್ಟೆ ಪಕ್ಕಕ್ಕಿಟ್ಟು ಎದ್ದು ನಿಂತರು. ‘ನಾ ಬತ್ತೀನಿ’ ಎಂದರು.

ಅವರ ಮಗ ಶಿವಣ್ಣ, ರಸ್ತೆಯ ಮೇಲೆ ಸಿಮೆಂಟು ಕಬ್ಬಿಣದ ಅಂಗಡಿ ಇಟ್ಟಿರುವವರು, ಅಂಗಡಿ ಬಿಟ್ಟು ಓಡಿ ಬಂದರು. ‘ಮೇಡಂ, ಅಮ್ಮ ಏನೋ ತಮಾಷೆ ಮಾಡ್ತಿದಾರೆ ಅಲ್ವಾ? ಇವರು ಮೈಸೂರು ದಾಟಿ ಹೋಗಿಲ್ಲ ಮೇಡಂ. ಮಂಡಿ ನೋವು ಬೇರೆ. ಏನಾದ್ರೂ ಹೆಚ್ಚು ಕಮ್ಮಿ ಆದ್ರೆ ಏನ್ ಗತಿ?’

ನಂಜಮ್ಮ ಮಾರನೆಯ ದಿನದಿಂದ ಬೆಳಿಗ್ಗೆ ಆರಕ್ಕೆ ಆಟೋ ಹಿಡಿದು ರಾಗಿಗುಡ್ಡಕ್ಕೆ ಹೋಗಿ ಮೆಟ್ಟಿಲು ಹತ್ತಿ ಇಳಿಯತೊಡಗಿದರು. ಮೊದಲ ದಿನ ಎರಡು ಸಲ, ವಾರ ಕಳೆಯುವ ಹೊತ್ತಿಗೆ ಎಂಟು ಸಲ. ಜೊತೆಗೆ ಹೋದ ನಾನು ನಾಲ್ಕನೆಯದಕ್ಕೆ ಕುಳಿತುಬಿಟ್ಟೆ. ವಾರದ ಕೊನೆಗೆ ಶಿವಣ್ಣ ತಾವೇ ತಮ್ಮ ಟ್ರ್ಯಾಕ್ ಪ್ಯಾಂಟು ತಂದುಕೊಟ್ಟು, ನನ್ನನ್ನು ಪಕ್ಕಕ್ಕೆ ಕರೆದು, ‘ಹೋದ ಹಂಗೇ ವಾಪಸ್ ಕರ್ಕೊಂಡ್ ಬನ್ನಿ ಮೇಡಂ, ಅಷ್ಟೇ ನಾನು ಕೇಳೋದು’ ಎಂದರು. ಅವರ ಕಣ್ಣು ಕೆಂಪಾಗಿತ್ತು. ನಾನು ಹೂಂ ಎಂದೆ. ಹೂಂ ಎನ್ನುವಾಗ ಅದೆಷ್ಟು ದೊಡ್ಡ ಮಾತೆಂದು ನನಗೆ ಅರ್ಥವಾಗಿರಲಿಲ್ಲ.

ಉತ್ತರಾಖಂಡದ ಆ ಹಳ್ಳಿಯ ಹೆಸರು ನಾನು ಹೇಳುವುದಿಲ್ಲ. ಕಾರಣ ಮುಂದೆ ನಿಮಗೇ ತಿಳಿಯುತ್ತದೆ. ವಿಮಾನ, ರೈಲು, ಜೀಪು ಎಲ್ಲ ಮುಗಿದು ಒಂದು ತಿರುವಿನಲ್ಲಿ ಇಳಿದಾಗ ಎದುರಿಗೆ ಹಿಮ. ಮೊದಲ ಸಲ ಹಿಮ ಕಂಡವರು ಏನು ಮಾಡುತ್ತಾರೆಂದು ನನಗೆ ಗೊತ್ತು: ಉಂಡೆ ಕಟ್ಟಿ ಎಸೆಯುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ನಾನು ಮೊಬೈಲು ಹಿಡಿದು ಕಾದೆ. ನಂಜಮ್ಮ ಬಗ್ಗಿ, ಅಂಗೈಯನ್ನು ಹಿಮದ ಮೇಲೆ ಒತ್ತಿ ತೆಗೆದು, ಬಿದ್ದ ಗುರುತನ್ನೇ ನೋಡುತ್ತ ನಿಂತರು. ಐದು ಬೆರಳೂ, ಬೆರಳ ಉಂಗುರವೂ ಮೂಡಿದ್ದವು.

‘ಏನ್ ಚೆಂದಾಗ್ ಅಚ್ಚು ಬೀಳ್ತೈತೆ ಮೇಡಮ್ಮ!’ ಎಂದರು. ‘ಇಂಥ ನೆಲದಾಗೆ ಎಲ್ಡು ಸಲ ಬಂದು ಒಂದು ಕೋಳಿ ಸಿಗ್ನಿಲ್ವಾ ನಿಂಗೆ?’

ನಮ್ಮ ದಾರಿ ತೋರಿಸುವವರು ಭರತ್ ಸಿಂಗ್ ಎಂಬ ಐವತ್ತೈದರ ಮನುಷ್ಯ, ಬಿಳಿ ಮೀಸೆ, ಮಾತು ಕಡಿಮೆ. ನಂಜಮ್ಮ ತಮ್ಮ ಹಳೆಯ ಬಾಡಿಗೆದಾರರಿಂದ ಕಲಿತ ಹಿಂದಿಯಲ್ಲಿ, ಅದು ಸಾಲದಾದಲ್ಲಿ ಶುದ್ಧ ಗೊಟ್ಟಿಗೆರೆ ಕನ್ನಡದಲ್ಲಿ, ಅವರೊಂದಿಗೆ ಮಾತಾಡಿದರು. ಮೊದಲ ಸಂಜೆಗೇ ಇಬ್ಬರೂ ಒಲೆಯ ಮುಂದೆ ಕೂತು ಮಂಡಿ ನೋವಿನ ಬಗ್ಗೆ ವಿಚಾರ ವಿನಿಮಯ ಮಾಡಿಕೊಳ್ಳುತ್ತಿದ್ದರು. ನಾನು, ಹಿಂದಿಯಲ್ಲಿ ಪರೀಕ್ಷೆ ಪಾಸಾದವಳು, ಮಧ್ಯೆ ಮಧ್ಯೆ ಅನುವಾದ ಮಾಡಲು ಹೋಗಿ ಇಬ್ಬರಿಂದಲೂ ಬೈಸಿಕೊಂಡೆ.

ನಮಗಿದ್ದದ್ದು ಮೂರು ದಿನ. ಮೊದಲ ದಿನ ಪೂರ್ತಿ ಹಿಮ ಸುರಿಯಿತು, ಹತ್ತು ಅಡಿ ಆಚೆ ಏನೂ ಕಾಣಲಿಲ್ಲ. ಎರಡನೆಯ ದಿನ ಬಿಸಿಲು ಬಂತು. ನಾನು ಹಿಂದಿನೆರಡು ಸಲದ ಅಭ್ಯಾಸದಂತೆ ದೊಡ್ಡ ಲೆನ್ಸನ್ನು ಹೆಗಲಿಗೇರಿಸಿ, ಎತ್ತರದ ಜಾಗದಲ್ಲಿ ನಿಂತು, ನಾಲ್ಕೂ ದಿಕ್ಕಿಗೆ ತಿರುಗಿಸತೊಡಗಿದೆ. ನಂಜಮ್ಮ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಬಂದು ನನ್ನ ತೋಳು ಹಿಡಿದು ಕೂರಿಸಿದರು.

‘ದೇವಸ್ಥಾನದ ಗೋಪುರದಂಗೆ ನಿಂತ್ರೆ ಯಾವ ಕೋಳಿ ಬತ್ತದೆ? ಬೆಳಗಿನ ಬಿಸ್ಲು ಮೊದ್ಲು ಎಲ್ಲಿ ಬೀಳ್ತೈತೆ ನೋಡು. ಅಲ್ಲಿ ಹಿಮ ತೆಳ್ಳಗಾಗ್ತದೆ. ತೆಳ್ಳಗಾದ ಕಡೆ ಕೆರೀತದೆ. ಅಲ್ಲಿಗೋಗಾನ. ಗಾಳಿ ಎದುರಿಗಿರ್ಬೇಕು, ಬೆನ್ನಿಗಲ್ಲ.’

ಭರತ್ ಸಿಂಗ್, ಮಾತು ಅರ್ಥವಾಗದಿದ್ದರೂ, ನಂಜಮ್ಮ ತೋರಿಸಿದ ಕಡೆ ನೋಡಿ ತಲೆಯಾಡಿಸಿ ನಕ್ಕರು. ತಾವೂ ಅಲ್ಲಿಗೇ ಹೊರಟಿದ್ದರಂತೆ.

ಆ ದಿನದ ಸಂಭ್ರಮವನ್ನು ನಾನು ಹೇಗೆ ಹೇಳಲಿ? ಒಂದು ಮರದ ಬುಡದಲ್ಲಿ ಮೊದಲ ಹೆಜ್ಜೆ ಕಂಡಿತು. ಮುಂದೆ ಮೂರು ಬೆರಳು, ಹಿಂದೆ ಒಂದು, ನನ್ನ ಅಂಗೈಯಗಲದ್ದು. ಅಕ್ಕಿಹಿಟ್ಟಿನಲ್ಲಿ ಎಳೆದ ರಂಗೋಲಿಯ ಹಾಗೆ ಒಂದರ ಮುಂದೊಂದು, ಒಂದರ ಮುಂದೊಂದು, ಮರಗಳ ನಡುವೆ ಹೋಗಿತ್ತು. ‘ಇದು ಮುಂಜಾನೇದು, ಅಂಚು ಮುರುದೈತೆ, ಬಿಡು’ ಎನ್ನುವರು ನಂಜಮ್ಮ. ‘ಇದು ಈಗಿಂದು. ಎಲ್ಡವೆ. ಇಲ್ಲಿ ನಿಂತವೆ. ಇಲ್ಲಿ ಏನೋ ಕಂಡು ಬೆದರವೆ, ಹೆಜ್ಜೆ ದೂರ ದೂರ ಆಯ್ತು, ನೋಡು!’ ಅವರು ಬೆರಳು ಇಟ್ಟ ಕಡೆಯಲ್ಲೆಲ್ಲ ನನಗೆ ಬರೀ ಹಿಮವಿದ್ದದ್ದು ಹಾಳೆಯ ಮೇಲಿನ ಅಕ್ಷರವಾಗಿಬಿಡುತ್ತಿತ್ತು. ಮಧ್ಯಾಹ್ನ ಒಂದು ಬಂಡೆಯ ತಿರುವಿನಲ್ಲಿ, ಕೇವಲ ಮೂವತ್ತು ಅಡಿ ಮುಂದೆ, ಎರಡು ಹೆಣ್ಣು ಮೊನಾಲುಗಳು ಹಿಮ ಅಗೆಯುತ್ತ ಕಂಡವು. ಕಂದು ಬಣ್ಣ, ಬಿಳಿ ಗಂಟಲು. ಎಷ್ಟು ಅವಸರದಲ್ಲಿ ಒತ್ತಿದೆನೆಂದರೆ ತೆಗೆದ ಹತ್ತು ಫೋಟೋಗಳಲ್ಲೂ ಹಕ್ಕಿಗಳು ಚಳಿಜ್ವರ ಬಂದವರಂತೆ ಕಾಣುತ್ತವೆ. ಗಂಡು ಮಾತ್ರ ಸಿಗಲಿಲ್ಲ.

‘ಐತೆ’ ಎಂದರು ನಂಜಮ್ಮ, ರೊಟ್ಟಿ ತಿನ್ನುತ್ತ. ‘ದೊಡ್ಡ ಹೆಜ್ಜೆ ಒಂದು ಕಂಡೆ. ಒಬ್ನೇ ಅವ್ನೆ. ಆ ಎತ್ತರದ ಮಗ್ಗುಲಾಗವ್ನೆ. ನಾಳೆ.’

ನಾಳೆ ಎಂದರೆ ಮೂರನೆಯ ದಿನ, ಕೊನೆಯದು. ಬೆಳಕು ಹರಿದ ಕೂಡಲೇ ಹೊರಟೆವು. ಇಳಿಜಾರು ಕಡಿದಾಗಿತ್ತು, ಎಡಕ್ಕೆ ಕಾಡು, ಬಲಕ್ಕೆ ಕಣಿವೆ. ಭರತ್ ಸಿಂಗ್ ಕೋಲಿನಿಂದ ಹಿಮ ಚುಚ್ಚಿ ನೋಡಿ ಹೆಜ್ಜೆ ಇಡುತ್ತಿದ್ದರು. ಒಂದು ಗಂಟೆ ನಡೆದ ಮೇಲೆ ದೊಡ್ಡ ಹೆಜ್ಜೆ ಸಿಕ್ಕಿತು. ಅಂಚು ಚೂಪಾಗಿ, ಹೊಸದಾಗಿ, ಒಳಗೆ ಒಂದು ಹಿಮದ ಕಣವೂ ಬಿದ್ದಿರಲಿಲ್ಲ. ನಂಜಮ್ಮ ನನ್ನ ಕಡೆ ತಿರುಗಿದಾಗ ಅವರ ಮುಖ ನೋಡಬೇಕಿತ್ತು ನೀವು. ಮಂಕಿ ಕ್ಯಾಪಿನೊಳಗಿಂದ ಒಂಬತ್ತು ವರ್ಷದ ಹುಡುಗಿ ನೋಡುತ್ತಿದ್ದಳು.

ಆಗಲೇ ಅವರು ಓಡಿದ್ದು. ‘ಅಮ್ಮಾ, ನಿಧಾನ! ಮಂಡಿ!’ ಎಂದು ನಾನು ಪಿಸುಗುಟ್ಟುತ್ತಲೇ ಹಿಂದೆ ಬಿದ್ದೆ. ಕರಕ್, ಕರಕ್, ಕರಕ್. ಲೆನ್ಸು ಎದೆಗೆ ಬಡಿಯುತ್ತಿತ್ತು, ಕಿವಿಯಲ್ಲಿ ನನ್ನದೇ ರಕ್ತ ಗುಂಯ್‌ಗುಡುತ್ತಿತ್ತು, ಉಸಿರು ಗಾಜಿನ ಚೂರಿನಂತೆ ಗಂಟಲಿಗಿಳಿಯುತ್ತಿತ್ತು. ಆದರೂ ನಗು ಬರುತ್ತಿತ್ತು. ನನ್ನ ಆಯುಷ್ಯದಲ್ಲಿ ನಾನು ಅಷ್ಟು ಎಚ್ಚರವಾಗಿದ್ದದ್ದೇ ಇಲ್ಲ.

ಏರು ಮುಗಿದಲ್ಲಿ ಮರಗಳ ಸಂದಿಯಿಂದ ನೀಲಿ ಮಿಂಚಿತು. ಅದೇ! ಹದಿನೈದು ಹೆಜ್ಜೆ ಮುಂದೆ, ಬಿಸಿಲಿನಲ್ಲಿ, ಬಿಳೀ ಹಿಮದ ಮೇಲೆ ಗಂಡು ಮೊನಾಲು. ರೆಕ್ಕೆ ಪೂರ್ತಿ ಬಿಚ್ಚಿ, ಬಾಲ ಹರಡಿ, ತಿರುಗಿ ತಿರುಗಿ ಕುಣಿಯುತ್ತಿತ್ತು. ಚಿತ್ರದಲ್ಲಿ ಕಂಡ ಬಣ್ಣಗಳೆಲ್ಲ ಸುಳ್ಳು ಎನಿಸಿತು. ಹಸಿರು ನೋಡುತ್ತಿದ್ದಂತೆ ನೀಲಿಯಾಯಿತು, ನೀಲಿ ತಾಮ್ರವಾಯಿತು. ನಾನು ಮಂಡಿಯೂರಿ ಕ್ಯಾಮೆರಾ ಕಣ್ಣಿಗಿಟ್ಟು ಒಂದೇ ಸಮನೆ ಒತ್ತಿದೆ. ಮೂರು ವರ್ಷ ಕಾದಿದ್ದಕ್ಕೆ, ಅದು ನನಗಾಗಿಯೇ ಕುಣಿಯುತ್ತಿದೆ ಎಂದು, ಈಗ ಹೇಳಲು ನಾಚಿಕೆಯಾಗುತ್ತದೆ, ನಿಜವಾಗಿಯೂ ಅಂದುಕೊಂಡೆ.

‘ಫೋಟೋ ಬಿಸಾಕೇ!’ ನಂಜಮ್ಮ ಕಿರುಚಿದರು. ‘ಸಿಗಾಕ್ಕೊಂಡೈತೆ ಅದು! ಉರುಲು! ಬೇಲಿ ಕಾಣಾಕಿಲ್ವಾ ನಿಂಗೆ?’

ಕ್ಯಾಮೆರಾ ಇಳಿಸಿ ನೋಡಿದೆ. ಇಳಿಜಾರಿಗೆ ಅಡ್ಡಲಾಗಿ, ಮೊಣಕಾಲೆತ್ತರಕ್ಕೆ, ಒಣ ಕೊಂಬೆಗಳನ್ನು ನೆಟ್ಟ ಬೇಲಿ. ಅಲ್ಲಲ್ಲಿ ಗಂಡಿ. ಮೆಟ್ಟಿಲ ಮೇಲೆ ಕೂತು ಕೇಳಿದ ಅದೇ ಬೇಲಿ, ಎರಡು ಸಾವಿರ ಕಿಲೋಮೀಟರು ಆಚೆ. ಹಕ್ಕಿಯ ಕಾಲಿಗೆ ತಂತಿ ಬಿಗಿದಿತ್ತು. ಕುಣಿತವಾಗಿರಲಿಲ್ಲ ಅದು.

ನಂಜಮ್ಮ ಆಗಲೇ ಕೆಳಗಿಳಿಯುತ್ತಿದ್ದರು. ಎರಡು ಹೆಜ್ಜೆ ಇಟ್ಟಿರಬೇಕು, ಕಾಲ ಕೆಳಗಿನ ಹಿಮ ಕುಸಿದು ಅವರು ಕೂತ ಭಂಗಿಯಲ್ಲೇ ಜಾರತೊಡಗಿದರು, ಕಣಿವೆಯ ಕಡೆಗೆ. ಶಿವಣ್ಣನ ಕೆಂಪು ಕಣ್ಣು ನನ್ನ ಕಣ್ಣ ಮುಂದೆ ಬಂತು. ಭರತ್ ಸಿಂಗ್ ಅಡ್ಡ ಬಿದ್ದು ರೇನ್‌ಕೋಟಿನ ಟೊಪ್ಪಿಗೆಯನ್ನು ಹಿಡಿದರು, ಮತ್ತೊಂದು ಕೈಯಿಂದ ಒಂದು ಪೊದೆಯನ್ನು ಹಿಡಿದರು. ನಂಜಮ್ಮ ಜಾರುವುದು ನಿಂತಿತು. ಅವರ ಕಾಲಿನ ಆಚೆಗೆ ಹಿಮದ ಉಂಡೆಗಳು ಉರುಳಿಕೊಂಡು ಹೋದವು, ಬಹಳ ಹೊತ್ತು ಹೋದವು.

‘ಅಮ್ಮಾ, ಸಾಕು, ಮೇಲೆ ಬನ್ನಿ!’ ಎಂದೆ. ನಾನು ಅಳುತ್ತಿದ್ದೆ.

ಅವರು ಮಂಕಿ ಕ್ಯಾಪು ಸರಿಮಾಡಿಕೊಂಡು, ‘ಇಲ್ಲೀಗಂಟ ಬಂದಿದೀನಿ. ನೀ ಇಳಿ. ನಿನ್ ಶಾಲು ತತ್ತಾ. ಹಿಡ್ಕೊಳಾಕೆ ಇನ್ನೊಂದು ಕೈ ಬೇಕು’ ಎಂದರು.

ಓದುಗರೇ, ನಾನು ಜೀವವಿರುವ ಒಂದು ಕೋಳಿಯನ್ನು ಅದುವರೆಗೆ ಮುಟ್ಟಿದವಳಲ್ಲ. ಕ್ಯಾಮೆರಾವನ್ನು ಹಿಮದ ಮೇಲೆ ಎಲ್ಲಿಟ್ಟೆನೋ ನೆನಪಿಲ್ಲ. ಭರತ್ ಸಿಂಗ್ ಹಿಂದಿನಿಂದ ನಮ್ಮಿಬ್ಬರ ಕೋಟು ಹಿಡಿದರು. ನಾನು ಶಾಲು ಬೀಸಿ ಹಕ್ಕಿಯ ಮೇಲೆ ಹಾಕಿ, ಮೇಲೆ ಬಿದ್ದು, ತಬ್ಬಿಕೊಂಡೆ. ಎಷ್ಟು ಬಿಸಿ ಇತ್ತು ಅದರ ಮೈ! ಆ ಚಳಿಯಲ್ಲಿ ಆಗತಾನೇ ಒಲೆಯಿಂದಿಳಿಸಿದ ಪಾತ್ರೆಯ ಹಾಗೆ. ಅದರ ಎದೆ ನನ್ನ ಎದೆಗೆ ಬಡಿಯುತ್ತಿತ್ತು, ಯಾವುದು ಯಾರದ್ದೆಂದು ತಿಳಿಯದಷ್ಟು ಜೋರಾಗಿ. ರೆಕ್ಕೆಯೊಂದು ಬಿಡಿಸಿಕೊಂಡು ನನ್ನ ಕೆನ್ನೆಗೆ ರಪ್ಪನೆ ಹೊಡೆಯಿತು.

‘ರೆಕ್ಕೆ ಅಮುಕು. ಕತ್ತು ಬಿಡು. ಕಣ್ಣು ಮುಚ್ಚು. ನಿಂದಲ್ವೇ, ಅದರ ಕಣ್ಣು!’

ನಂಜಮ್ಮ ಕೈಗವಸು ಕಿತ್ತು ಬಿಸಾಕಿದರು. ತಂತಿ ಚರ್ಮಕ್ಕಿಳಿದು ರಕ್ತ ಹೆಪ್ಪುಗಟ್ಟಿತ್ತು. ನಾನಾಗಿದ್ದರೆ ಎಳೆಯುತ್ತಿದ್ದೆ. ಅವರು ಎಳೆಯಲಿಲ್ಲ, ಗಂಟನ್ನು ಹಿಡಿದು ತಂತಿಯನ್ನು ಒಳಮುಖವಾಗಿ ಕೂದಲೆಳೆಯಷ್ಟು ತಳ್ಳಿದರು, ಬೆರಳಿಗೆ ಬಾಯಿಂದ ಬಿಸಿ ಊದಿದರು, ಮತ್ತೆ ತಳ್ಳಿದರು. ‘ಬಂತು ಕಣಪ್ಪ, ಬಂತು ಕಣಪ್ಪ’ ಎಂದು ಹಕ್ಕಿಗೆ ಹೇಳುತ್ತಲೇ ಇದ್ದರು. ಎಷ್ಟು ಹೊತ್ತಾಯಿತೋ, ಉರುಲು ಸಡಿಲವಾಗಿ ಕಾಲಿಂದ ಜಾರಿ ಬಂತು. ಅವರು ಅದರ ಕಾಲ್ಬೆರಳುಗಳನ್ನು ಒಂದೊಂದಾಗಿ ಮಡಿಸಿ ನೋಡಿದರು. ಹಕ್ಕಿ ಅವರ ಬೆರಳನ್ನು ಬಿಗಿಯಾಗಿ ಹಿಡಿದುಕೊಂಡಿತು.

‘ಮುರುದಿಲ್ಲ! ಬಿಡು ಮೇಡಮ್ಮ, ಶಾಲು ತೆಗಿ!’

ತೆಗೆದೆ. ಅದು ಒಂದು ಕ್ಷಣ ಹಾಗೇ ಕೂತಿತ್ತು, ಏನು ಮಾಡಬೇಕೆಂದು ಮರೆತವರಂತೆ. ಆಮೇಲೆ ನಮ್ಮಿಬ್ಬರ ನಡುವೆ ಹಿಮ ಸ್ಫೋಟವಾಯಿತು. ಕಣಿವೆಯ ಮೇಲಕ್ಕೆ ಹಾರಿ, ಉದ್ದನೆಯ ಶಿಳ್ಳೆ ಹಾಕುತ್ತ, ರೆಕ್ಕೆ ಬಡಿಯದೆ ತೇಲಿಕೊಂಡು ಕೆಳಗೆ ಕೆಳಗೆ ಹೋಯಿತು. ಬೆನ್ನ ಮೇಲಿನ ಬಿಳಿ ಮಚ್ಚೆ ಮಾತ್ರ ಬಹಳ ದೂರ ಕಂಡಿತು. ನಾನು ‘ಹೋಯ್ತು! ಹೋಯ್ತು!’ ಎಂದು ಕೂಗುತ್ತಿದ್ದೆ. ಭರತ್ ಸಿಂಗ್ ತಮ್ಮ ಭಾಷೆಯಲ್ಲಿ ಏನೋ ಕೂಗುತ್ತಿದ್ದರು. ನಂಜಮ್ಮ ಹಿಮದಲ್ಲಿ ಕಾಲು ಚಾಚಿ ಕೂತು, ಬರಿಗೈಗಳನ್ನು ತೊಡೆಯ ಮೇಲಿಟ್ಟುಕೊಂಡು ನಗುತ್ತಿದ್ದರು.

‘ಅಪ್ಪನ ಜೊತೆ ಎಷ್ಟು ಹಿಡ್ಕೊಂಡಿದೀನಿ’ ಎಂದರು ನಗು ನಿಂತ ಮೇಲೆ. ‘ಒಂದನ್ನೂ ಬಿಟ್ಟೋಳಲ್ಲ. ಕೈಯಿಂದ ಹಾರ್ಕೊಂಡು ಹೋಗೋದು ಹೆಂಗಿರ್ತದೆ ಅಂತ ಇವತ್ತೇ ಗೊತ್ತಾಗಿದ್ದು.’

ಆ ಬೇಲಿಯಲ್ಲಿ ಇನ್ನೂ ಹನ್ನೊಂದು ಉರುಲುಗಳಿದ್ದವು. ಮೂವರೂ ಸೇರಿ ಒಂದೊಂದನ್ನೂ ಕಿತ್ತೆವು. ನಂಜಮ್ಮ ಒಂದು ಗಂಟನ್ನು ತಿರುಗಿಸಿ ತಿರುಗಿಸಿ ನೋಡಿ, ‘ಗಂಟು ಚೆನ್ನಾಗೇ ಹಾಕವ್ನೆ’ ಎಂದರು. ಮರುಕ್ಷಣ ಅವರ ಮುಖ ಬಿಗಿಯಿತು. ಸುತ್ತಲಿನ ಹಿಮ ತೋರಿಸಿದರು. ‘ಮನುಷ್ರ ಹೆಜ್ಜೆ ಒಂದಾದ್ರೂ ಐತಾ? ಹಿಮ ಬಿದ್ದ ಮ್ಯಾಲೆ ಇತ್ತಾಗ್ ಬಂದಿಲ್ಲ ಅವ್ನು. ನಮ್ಮಪ್ಪ ಉರುಲಿಟ್ರೆ ಹೊತ್ತು ಹೊತ್ತಿಗೂ ಓಗಿ ನೋಡೋನು. ಹಾಕಿ ಮರ್ತೋಗೋದು ಷಿಕಾರಿ ಅಲ್ಲ.’ ಭರತ್ ಸಿಂಗ್ ತಲೆ ತಗ್ಗಿಸಿಕೊಂಡು ತಂತಿಗಳನ್ನೆಲ್ಲ ಸುತ್ತಿ ಚೀಲಕ್ಕೆ ಹಾಕಿಕೊಂಡರು. ಸಂಜೆ ಅರಣ್ಯ ಇಲಾಖೆಯ ಚೌಕಿಗೆ ನಾವು ಮೂವರೂ ಹೋಗಿ ಒಪ್ಪಿಸಿ, ಜಾಗ ಹೇಳಿ ಬಂದೆವು. ಯಾರು ಹಾಕಿದ್ದೆಂದು ಭರತ್ ಸಿಂಗ್ ಅವರಿಗೆ ಗೊತ್ತಿತ್ತೋ ಇಲ್ಲವೋ ನಾನು ಕೇಳಲಿಲ್ಲ. ಇಳಿದು ಬರುವ ದಾರಿಯಲ್ಲಿ ಅವರು ಒಂದೇ ಮಾತಾಡಿದರು: ಇನ್ನು ಮೇಲೆ ಈ ಮಗ್ಗುಲನ್ನು ದಿನವೂ ತಾವೇ ನೋಡಿಕೊಳ್ಳುವುದಾಗಿ.

ನನ್ನ ಕ್ಯಾಮೆರಾದಲ್ಲಿ ಆ ದಿನದ ನಲವತ್ತು ಫೋಟೋಗಳಿದ್ದವು. ಬೆಳಕು, ಬಣ್ಣ, ಚೂಪು, ಎಲ್ಲ ಸರಿಯಾಗಿತ್ತು. ಹಕ್ಕಿ ನೋಡುವ ನಮ್ಮ ಗುಂಪಿನಲ್ಲಿ ಹಾಕಿದ್ದರೆ ಜನ ಹಬ್ಬ ಮಾಡುತ್ತಿದ್ದರು. ವಿಮಾನದಲ್ಲಿ ಕೂತು ಒಂದೊಂದನ್ನೇ ನೋಡಿದೆ, ಒಂದೊಂದನ್ನೇ ಅಳಿಸಿದೆ. ಪಕ್ಕದಲ್ಲಿ ನಂಜಮ್ಮ ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿದ್ದರು. ನಿಲ್ದಾಣಕ್ಕೆ ಬಂದಿದ್ದ ಶಿವಣ್ಣ ತಾಯಿಯನ್ನು ಮೇಲಿಂದ ಕೆಳಗೆ ನೋಡಿ, ಬೆರಳುಗಳ ಮೇಲಿನ ಗಾಯ ಕಂಡು ನನ್ನ ಕಡೆ ತಿರುಗಿದರು. ನಾನು ಬಾಯಿ ತೆರೆಯುವ ಮೊದಲೇ ನಂಜಮ್ಮ, ‘ಅವಳನ್ನೇನ್ ನೋಡ್ತೀಯಾ? ಹೋದಂಗೇ ಬಂದಿಲ್ಲ ಕಣೋ. ಇನ್ನೂ ಚೆನ್ನಾಗಾಗಿ ಬಂದಿದೀನಿ’ ಎಂದರು.

ಇವೆಲ್ಲ ಆಗಿ ನಾಲ್ಕು ವರ್ಷ. ನಾನು ಮತ್ತೆ ಹಿಮಾಲಯಕ್ಕೆ ಹೋಗಿಲ್ಲ, ಪುರುಸೊತ್ತಿಲ್ಲ. ಭಾನುವಾರ ಬಂತೆಂದರೆ ಬೆಳಿಗ್ಗೆ ಆರೂವರೆಗೆ ನಂಜಮ್ಮ ಕೆಳಗಿಂದಲೇ ಕೂಗುತ್ತಾರೆ. ತಲಘಟ್ಟಪುರದ ಆಚೆ, ನೀಲಗಿರಿ ತೋಪುಗಳೂ ಖಾಲಿ ಸೈಟುಗಳೂ ಕುರುಚಲೂ ಸೇರಿಕೊಂಡಿರುವ ಕಡೆ ಇಬ್ಬರೂ ಹೋಗುತ್ತೇವೆ. ಮೊಲಕ್ಕೆ, ಗೌಜಲಕ್ಕಿಗೆ ಉರುಲಿಡುವವರು ನಮ್ಮೂರಲ್ಲೂ ಇದ್ದಾರೆಂದು ನನಗೆ ಗೊತ್ತೇ ಇರಲಿಲ್ಲ. ಈಗ ನನ್ನ ಕಣ್ಣೂ ಪಳಗಿದೆ; ಹೆಜ್ಜೆಯ ಅಂಚು ಮುರಿದಿದೆಯೋ ಇಲ್ಲವೋ ನಾನೂ ಹೇಳಬಲ್ಲೆ, ಮಣ್ಣಿನಲ್ಲಿ ಕೂಡ. ಹೋಗುವಾಗ ಕ್ಯಾಮೆರಾ ಒಯ್ಯುವುದಿಲ್ಲ. ಎರಡೂ ಕೈ ಖಾಲಿ ಇರಬೇಕು.

ಮೊನ್ನೆ ಭಾನುವಾರ ಒಂದು ಪೊದೆಯ ಕೆಳಗೆ ನಾವಿಬ್ಬರೂ ಮೊಣಕಾಲು ಮೊಣಕೈ ಊರಿಕೊಂಡು ಉರುಲು ಬಿಡಿಸುತ್ತಿದ್ದಾಗ ಹಿಂದಿನಿಂದ ಬೂಟಿನ ಸದ್ದು ಬಂತು. ಹೊಸದಾಗಿ ಬಂದ ಅರಣ್ಯ ಇಲಾಖೆಯ ವಾಚರು. ಬಿಳಿ ತಲೆಯ ಇಬ್ಬರು ಹೆಂಗಸರ ಹಿಂಭಾಗವನ್ನು ಮಾತ್ರ ಕಂಡು ಗಾಬರಿಯಾಗಿರಬೇಕು.

‘ಏನಮ್ಮಾ? ಏನ್ ಮಾಡ್ತಿದೀರಾ ಇಲ್ಲಿ?’

‘ಷಿಕಾರಿ ಕಣಪ್ಪ’ ಎಂದರು ನಂಜಮ್ಮ, ತಲೆಯನ್ನೂ ಎತ್ತದೆ.

ವಾಚರ ಮುಖ ಬಿಗಿಯಿತು. ‘ಚೀಲದಲ್ಲಿ ಏನಿದೆ? ತೆಗೀರಿ ಈಚೆಗೆ.’

ನಾನು ತರಕಾರಿ ಚೀಲವನ್ನು ಅವರ ಬೂಟಿನ ಮುಂದೆ ಬಗ್ಗಿಸಿದೆ. ಒಂದು, ಎರಡು, ಮೂರು, ಒಟ್ಟು ಏಳು ತಂತಿಯ ಉರುಲುಗಳು ಒಂದರ ಮೇಲೊಂದು ಬಿದ್ದವು. ಅವರು ಅವುಗಳನ್ನು ನೋಡಿದರು, ನಮ್ಮನ್ನು ನೋಡಿದರು, ಏನೋ ಕೇಳಲು ಬಾಯಿ ತೆರೆದರು. ಅಷ್ಟರಲ್ಲಿ ನಮ್ಮ ಮೂಗಿನ ಮುಂದಿನ ಪೊದೆಯಿಂದಲೇ ಒಂದು ಗೌಜಲಕ್ಕಿ ಬುರ್ರನೆ ಎದ್ದು, ಅವರ ಟೋಪಿಯ ಪಕ್ಕದಲ್ಲೇ ಹಾರಿಕೊಂಡು ಹೋಯಿತು. ಮೂವರೂ ಒಟ್ಟಿಗೆ ಕಿರುಚಿದೆವು.